ಮ್ಹಾಡಾ ಸೊಸೈಟಿಗೆ ಸೋಲಾರ್ ಬಿಸಿನೀರು: ದುಡ್ಡು ಹೊಂದಿಸೋದು ಹೇಗೆ?

ಪ್ರಶ್ನೆ: ಪುಣೆಯ ಯೇರವಡಾದಲ್ಲಿ ನಮ್ಮದು ಮ್ಹಾಡಾ (ಮಹಾರಾಷ್ಟ್ರ ಸರ್ಕಾರದ ವಸತಿ ಪ್ರಾಧಿಕಾರ) ಕಟ್ಟಿದ ನಾಲ್ಕು ಮಹಡಿ, 32 ಮನೆಗಳ ಸೊಸೈಟಿ. ವಿಜಯಪುರ, ಕಲಬುರಗಿ ಕಡೆಯವರೇ ಹೆಚ್ಚು. ತಾರಸಿಗೆ ಸೋಲಾರ್ ವಾಟರ್ ಹೀಟರ್ ಹಾಕಿಸಬೇಕು. ಸಬ್ಸಿಡಿ ಸಿಗುತ್ತದಾ?

ಉತ್ತರ: ಸಬ್ಸಿಡಿಗೆ ಕಾಯಬೇಡಿ. ವಾಟರ್ ಹೀಟರ್‌ಗೆ ಕೇಂದ್ರ ಕೊಡುತ್ತಿದ್ದ ಸಹಾಯಧನ 2014ರಲ್ಲೇ ನಿಂತಿತು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಗಳಿಗೆ ಕಿಲೋವ್ಯಾಟ್‌ಗೆ ₹18,000 ಸಿಗುವುದು ಕರೆಂಟ್ ಉತ್ಪಾದಿಸುವ ಪ್ಯಾನಲ್‌ಗೆ, ನೀರು ಕಾಯಿಸುವ ಕಲೆಕ್ಟರ್‌ಗಲ್ಲ. ಕೊಟೇಶನ್‌ನಲ್ಲಿ ‘ಸಬ್ಸಿಡಿ ಕಳೆದು’ ಎಂದಿದ್ದರೆ ಆ ಕಾಗದ ಬದಿಗಿಡಿ. ನಿಮಗೆ ದಕ್ಕುವುದು ಎರಡು: 2025ರ ಸೆಪ್ಟೆಂಬರ್ 22ರಿಂದ ಹೀಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಸೋಲಾರ್ ನಡೆಯುತ್ತಿದ್ದರೆ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ.

ಉಳಿದದ್ದು ಕರೆಂಟ್ ಬಿಲ್ಲಿನ ಉಳಿತಾಯದಿಂದಲೇ ಹುಟ್ಟಬೇಕು. ಮನೆಗೆ 100 ಲೀಟರ್ ಎಂದು ಮಾರುವವರು 3,200 ಲೀಟರ್ ಹೇಳುತ್ತಾರೆ. ಬಕೆಟ್ ಸ್ನಾನದ ಮನೆಗಳಿಗೆ ತಲೆಗೆ 15 ಲೀಟರ್ ಕಾದ ನೀರು ಸಾಕು, ನಾಲ್ವರಿಗೆ 60. ಪೈಪಿನಲ್ಲಿ ಆರುವುದನ್ನು ಸೇರಿಸಿದರೂ 2,400 ಲೀಟರ್ ಸಾಕು. 60 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಗೀಸರ್‌ಗೆ ಸುಮಾರು 2.4 ಯೂನಿಟ್ ಬೇಕು. ಮಳೆಗಾಲ ಬಿಟ್ಟು ವರ್ಷಕ್ಕೆ 250 ದಿನ ಹಿಡಿದರೆ 600 ಯೂನಿಟ್. ಬಿಲ್ಲಿನಲ್ಲಿ ಮೊದಲು ಕರಗುವುದು ಮೇಲಿನ ಸ್ಲ್ಯಾಬಿನ (ಹೆಚ್ಚು ದರದ ಹಂತದ) ಯೂನಿಟ್, ಆದ್ದರಿಂದ ಆ ದರವನ್ನೇ ಹಿಡಿಯಿರಿ. ಅದು ₹9 ಇದ್ದರೆ ತಿಂಗಳಿಗೆ ₹450 ಉಳಿತಾಯ. ಲೆಕ್ಕಕ್ಕೆಂದು ಒಟ್ಟು ಖರ್ಚು ₹6 ಲಕ್ಷ, ಬಡ್ಡಿ ಶೇ 11, ಅವಧಿ 5 ವರ್ಷ ಎನ್ನಿ: ಕಂತು ಸುಮಾರು ₹13,050, ಮನೆಗೆ ₹408. ಹೊಂದುತ್ತದೆ, ಆದರೆ ಕೂದಲೆಳೆಯಷ್ಟೇ ಅಂತರ. ಗೀಸರ್ ಬಿಟ್ಟು ಗ್ಯಾಸ್ ಮೇಲೆ ಕಾಯಿಸುವ ಮನೆಗಳಿದ್ದರೆ ಅವರ ಲೆಕ್ಕ ಬೇರೆಯೇ ಮಾಡಿ. ಎಲ್ಲರ ಮೇಲೂ ಒಂದೇ ಕಂತು ಹೇರುವುದು ನ್ಯಾಯವಲ್ಲ.

ಬ್ಯಾಂಕಿಗೆ ಹೋಗುವ ಮುನ್ನ ಸೊಸೈಟಿಯ ಉಪವಿಧಿಯಲ್ಲಿ (ಬೈಲಾ) ಸಾಲದ ಮಿತಿ ನೋಡಿ. ಅದು ಷೇರು ಬಂಡವಾಳ, ರಿಸರ್ವ್ ಫಂಡ್‌ಗಳಿಗೆ ಕಟ್ಟುಬಿದ್ದಿರುತ್ತದೆ. ತಲಾ ₹500ರಂತೆ 32 ಮನೆಗಳ ಷೇರು ಬರೀ ₹16,000. ಹಾಗಾಗಿ ಸಣ್ಣ ಸೊಸೈಟಿಗಳು ಅರ್ಧ ಹಣವನ್ನು ಸದಸ್ಯರಿಂದಲೇ ಎತ್ತುವುದು ಒಳ್ಳೆಯದು. ಸಿಂಕಿಂಗ್ ಫಂಡ್ ಇರುವುದು ಕಟ್ಟಡದ ದೊಡ್ಡ ರಿಪೇರಿಗೆ, ಅದಕ್ಕೆ ಕೈಹಾಕಬೇಡಿ. ಪುನರ್ವಿಕಾಸದ (ಕಟ್ಟಡ ಕೆಡವಿ ಹೊಸದು ಕಟ್ಟುವ) ಮಾತು ಎದ್ದಿದ್ದರೆ ಐದು ವರ್ಷದ ಸಾಲ ಬೇಡವೇ ಬೇಡ.

ಇನ್ನು, ಕಂತು ನಿಲ್ಲುವುದು ಹೆಚ್ಚಾಗಿ ಪ್ಲಂಬಿಂಗ್‌ನಿಂದ. ನೆಲಮಹಡಿಯವರಿಗೆ ಬಿಸಿನೀರು ಬಾರದಿದ್ದರೆ ಅವರು ದುಡ್ಡು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. 25 ಮಿ.ಮೀ. ಪೈಪಿನ ಪ್ರತಿ ಮೀಟರಿನಲ್ಲಿ ಅರ್ಧ ಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ಕೆಳಗಿನ ನಲ್ಲಿಗೆ ಮೊದಲು 10 ಲೀಟರ್ ತಣ್ಣೀರೇ ಬರುತ್ತದೆ. ಪೈಪಿನಲ್ಲಿ ಆರಿದ ನೀರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನ್, ಬೆಳಿಗ್ಗೆ ಎರಡು ಗಂಟೆ ಓಡುವ ಸಣ್ಣ ಪಂಪು, ಟೈಮರ್, ಪೈಪಿಗೆ ಇನ್ಸುಲೇಶನ್, ಇವು ಕೊಟೇಶನ್‌ನಲ್ಲೇ ಇರಲಿ. ಇನ್ನೊಂದು ಕಾಣದ ಕಾಟ ಮಿಕ್ಸರ್ ನಲ್ಲಿಯದು. ಯಾರೋ ಎರಡೂ ನಾಬ್ ತೆರೆದಿಟ್ಟು ಹ್ಯಾಂಡ್ ಶವರ್ ಮಾತ್ರ ಮುಚ್ಚಿದರೆ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗಿ ಆ ಸಾಲಿನ ನಾಲ್ಕೂ ಮನೆಗೆ ಉಗುರುಬೆಚ್ಚಗಿನ ನೀರು ಬರುತ್ತದೆ. ಹೀಟರ್ ಕೆಟ್ಟಿದೆ ಎಂದು ಜಗಳ ಶುರುವಾಗುವುದು ಇಲ್ಲಿಂದಲೇ. ಪ್ರತಿ ಮನೆಯ ಬಿಸಿನೀರಿನ ಬಾಯಿಗೆ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಫ್ಲ್ಯಾಟ್ ಪ್ಲೇಟ್ (ಚಪ್ಪಟೆ) ಕಲೆಕ್ಟರಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಹೀಟ್ ಎಕ್ಸ್‌ಚೇಂಜರ್ (ಬಳಸುವ ನೀರು ಕಲೆಕ್ಟರಿನ ಕೊಳವೆಗೆ ಹೋಗದಂತಹ ವ್ಯವಸ್ಥೆ) ಇರುವುದನ್ನೇ ಕೇಳಿ. 2,400 ಲೀಟರ್ ಎಂದರೆ ನೀರೇ 2.4 ಟನ್: ಟ್ಯಾಂಕಿನ ಕಾಲುಗಳು ಬೀಮ್ ಮೇಲೆ ಬರಬೇಕು, ಬರೀ ಸ್ಲ್ಯಾಬ್ ಮೇಲಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಫೀಯನ್ನೂ ಖರ್ಚಿಗೆ ಸೇರಿಸಿ.

ಸಾಮಾನ್ಯ ಸಭೆಯ ಠರಾವಿನಲ್ಲಿ ಮೊತ್ತ, ಕಂತು, ನಿರ್ವಹಣೆಯ ವಂತಿಗೆ ಮೂರೂ ಬರಲಿ. ಕಂಟ್ರಾಕ್ಟರ್‌ಗೆ ಕೊಡಬೇಕಾದ ಹಣದಲ್ಲಿ ಶೇ 10ರಷ್ಟನ್ನು ಚಳಿಗಾಲ ಕಳೆದು ಫೆಬ್ರವರಿ ಮುಗಿಯುವತನಕ ಹಿಡಿದಿಡಿ. ಶರತ್ತು ಒಪ್ಪಂದದಲ್ಲಿ ಬರೆಸಿ: ಹಿಂದಿನ ದಿನ ಬಿಸಿಲಿದ್ದರೆ, ಬೆಳಿಗ್ಗೆ 6ಕ್ಕೆ ನೆಲಮಹಡಿಯ ನಲ್ಲಿ ತಿರುಗಿಸಿದ ಎರಡು ನಿಮಿಷದಲ್ಲಿ 45 ಡಿಗ್ರಿ ನೀರು ಬರಬೇಕು.