ಕೋರ್ಟ್ ಬಿಟ್ಟರೂ ಬೋರ್ಡ್ ಬಿಡಲಿಲ್ಲ

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ. ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಿಗೆ ಪಾಕಿಸ್ತಾನ. ಆ ಮ್ಯಾಚ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ನಮ್ಮ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೈಲ್ ಸ್ಟಂಪ್ ಹಾರಿಸಿದ ಆ ಒಂದು ಎಸೆತ. ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ಭಾರತದ ಬ್ಯಾಟಿಂಗ್ ಕಾರ್ಡ್ ನೋಡಿ. ನವಜೋತ್ ಸಿಂಗ್ ಸಿಧು 93. ಅಜಯ್ ಜಡೇಜ ಬರೀ 25 ಎಸೆತಕ್ಕೆ 45, ಅದೂ ಕೊನೆಗೆ ವಕಾರ್ ಯೂನಿಸ್‌ಗೆ ಬಾರಿಸಿದ್ದು. ಕ್ಯಾಪ್ಟನ್ ಮೊಹಮ್ಮದ್ ಅಜರುದ್ದೀನ್.

ಮುಂದಿನ ಐದು ವರ್ಷದೊಳಗೆ ಈ ಮೂವರಲ್ಲಿ ಇಬ್ಬರ ಮೇಲೆ ಕ್ರಿಕೆಟ್ ಬೋರ್ಡ್ ನಿಷೇಧ ಬಿತ್ತು. ಫಿಕ್ಸಿಂಗ್ ಹಗರಣ. ಮೂರನೆಯವರ ಮೇಲೆ ಅವತ್ತು, ಆ 93 ರನ್ ಹೊಡೆಯುವ ಹೊತ್ತಿನಲ್ಲೇ, ಒಬ್ಬ ಮನುಷ್ಯನ ಸಾವಿನ ಕೇಸ್ ಇತ್ತು. 1988ರ ಡಿಸೆಂಬರಿನಲ್ಲಿ ಪಟಿಯಾಲದ ರಸ್ತೆಯಲ್ಲಿ ನಡೆದ ಜಗಳದ ಕೇಸ್. ಅದಾದ ಮೇಲೂ ಸಿಧು ಹತ್ತು ವರ್ಷ ಭಾರತಕ್ಕೆ ಆಡಿದರು. 1999ರ ಸೆಪ್ಟೆಂಬರಿನಲ್ಲಿ ಕೆಳಗಿನ ಕೋರ್ಟ್ ಖುಲಾಸೆ ಮಾಡಿತು. ಅಷ್ಟೊತ್ತಿಗೆ ಅವರ ಆಟವೇ ಮುಗಿದಿತ್ತು. 2006ರಲ್ಲಿ ಹೈಕೋರ್ಟ್ ತಪ್ಪಿತಸ್ಥ ಅಂತು. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಸಾವಿರ ರೂಪಾಯಿ ದಂಡ ಹಾಕಿ ಬಿಟ್ಟಿತು. 2022ರಲ್ಲಿ ಅದೇ ಕೋರ್ಟ್ ಮನಸ್ಸು ಬದಲಿಸಿ ಒಂದು ವರ್ಷ ಜೈಲು ಅಂತು.

ಕೋರ್ಟ್ ಬಿಟ್ಟ ಆಟಗಾರ ಮತ್ತೆ ಮೈದಾನಕ್ಕೆ ಇಳಿಯಬೇಕಾ ಅನ್ನೋ ಚರ್ಚೆ ಬಂದಾಗಲೆಲ್ಲ ನನಗೆ ಈ ಸ್ಕೋರ್‌ಕಾರ್ಡ್ ನೆನಪಾಗುತ್ತದೆ. ಯಾಕಂದ್ರೆ ಯಾರು ಹೊರಗಿರಬೇಕು ಅನ್ನೋದನ್ನು ಅಪರಾಧ ಎಷ್ಟು ದೊಡ್ಡದು ಅನ್ನೋದರ ಮೇಲೆ ಯಾರೂ ತೀರ್ಮಾನ ಮಾಡಿದಂತೆ ಕಾಣೋದಿಲ್ಲ.

ಈ ಕಥೆ ಶುರುವಾಗಿದ್ದು ಕ್ರಿಕೆಟ್‌ನಲ್ಲಲ್ಲ, ಅಮೆರಿಕದ ಬೇಸ್‌ಬಾಲ್‌ನಲ್ಲಿ. 1919ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡದ ಎಂಟು ಜನ ದುಡ್ಡು ತಗೊಂಡು ಬೇಕಂತಲೇ ಸೋತರು ಅನ್ನೋ ಆರೋಪ. 1921ರ ಆಗಸ್ಟ್ 2ರಂದು ಜ್ಯೂರಿ ವಿಚಾರಣೆಗೆ ನಿಂತವರನ್ನೆಲ್ಲ ಬಿಟ್ಟಿತು. ಕೋರ್ಟಿನಲ್ಲಿ ಚಪ್ಪಾಳೆ, ಸಂಭ್ರಮ. ಮರುದಿನವೇ ಬೇಸ್‌ಬಾಲ್ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಒಂದು ಹೇಳಿಕೆ ಹೊರಡಿಸಿದರು. ಜ್ಯೂರಿ ಏನೇ ಹೇಳಲಿ, ಈ ಎಂಟು ಜನ ಇನ್ನು ಆಡುವಂತಿಲ್ಲ. ಲ್ಯಾಂಡಿಸ್ ಸ್ವತಃ ಜಡ್ಜ್ ಆಗಿದ್ದವರು! ಜ್ಯೂರಿ ತೀರ್ಪಿನ ಬೆಲೆ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಎಂಟರಲ್ಲಿ ಬಕ್ ವೀವರ್ ಅನ್ನೋ ಆಟಗಾರ ದುಡ್ಡು ಮುಟ್ಟಿದ್ದಕ್ಕೆ ಸಾಕ್ಷಿಯೇ ಇರಲಿಲ್ಲ. ವಿಷಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ, ಅಷ್ಟೆ. ಅವನಿಗೂ ಅದೇ ಶಿಕ್ಷೆ. ಇನ್ನೊಬ್ಬ ಜೋ ಜಾಕ್ಸನ್. ಆ ಕಾಲದ ದೊಡ್ಡ ಬ್ಯಾಟರ್. 1951ರಲ್ಲಿ ತೀರಿಕೊಂಡ. ಅವನ ಹೆಸರನ್ನು ನಿಷೇಧದ ಪಟ್ಟಿಯಿಂದ ತೆಗೆದದ್ದು 2025ರ ಮೇ ತಿಂಗಳಲ್ಲಿ.

ಲ್ಯಾಂಡಿಸ್ ಹಾಕಿದ ಈ ದಾರಿಯಲ್ಲೇ ಮುಂದೆ ಬೇರೆ ಬೇರೆ ಆಟದ ಸಂಸ್ಥೆಗಳು ನಡೆದವು. ಕೋರ್ಟಿನ ಕೆಲಸ ಕೋರ್ಟಿಗೆ, ನಮ್ಮ ಮನೆಯ ಕಸ ನಾವೇ ಗುಡಿಸ್ತೀವಿ ಅನ್ನೋ ಧೋರಣೆ.

ಕೇಳೋಕೆ ಇದು ಅನ್ಯಾಯ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಇದು ಹೊಸದೇನಲ್ಲ. ಪೊಲೀಸ್ ಕೇಸು ಬೇರೆ, ಇಲಾಖಾ ವಿಚಾರಣೆ ಬೇರೆ. ಬಸ್ ಕಂಡಕ್ಟರ್ ದುಡ್ಡು ತಗೊಂಡು ಟಿಕೆಟ್ ಕೊಡಲಿಲ್ಲ ಅನ್ನಿ. ಚೆಕಿಂಗ್‌ನವರು ಹಿಡಿದರು. ಆ ಪ್ರಯಾಣಿಕರು ಬಂದು ಸಾಕ್ಷಿ ಹೇಳದಿದ್ದರೂ ಅವನ ಕೆಲಸ ಹೋಗಬಹುದು. 1977ರಲ್ಲಿ ಹರಿಯಾಣದ ಒಬ್ಬ ಕಂಡಕ್ಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಬೇಕಿಲ್ಲ, ನಂಬುವಂಥ ಆಧಾರ ಏನಾದರೂ ಇದ್ದರೆ ಸಾಕು. ಜೈಲಿಗೆ ಕಳಿಸೋಕೆ ಸಂಶಯಕ್ಕೆ ಎಡೆಯೇ ಇರಬಾರದು. ಕೆಲಸದಿಂದ ತೆಗೆಯೋಕೆ ಅಷ್ಟು ಬೇಡ. ಎರಡೂ ತಕ್ಕಡಿಯೇ, ಒಂದು ಚಿನ್ನದ ಅಂಗಡಿಯದು, ಇನ್ನೊಂದು ತರಕಾರಿ ಅಂಗಡಿಯದು.

ಹಾಗಾಗಿ ಬೋರ್ಡ್ ತನ್ನದೇ ವಿಚಾರಣೆ ಮಾಡೋದರಲ್ಲಿ ನನಗೆ ತಕರಾರಿಲ್ಲ. ತಕರಾರಿರೋದು ಆ ವಿಚಾರಣೆ ಹೇಗೆ ನಡೆಯುತ್ತೆ, ಎಷ್ಟು ಕಾಲ ಹಿಡಿಯುತ್ತೆ ಅನ್ನೋದರ ಬಗ್ಗೆ. ಅಜರುದ್ದೀನ್ ವಿಷಯವನ್ನೇ ನೋಡಿ. 2000ದ ಮಾರ್ಚ್‌ನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ತಮ್ಮ 99ನೇ ಟೆಸ್ಟ್ ಆಡಿದರು. ಎರಡನೇ ಇನಿಂಗ್ಸ್‌ನಲ್ಲಿ 102. ಎದುರಾಳಿ ತಂಡದ ಕ್ಯಾಪ್ಟನ್ ಹ್ಯಾನ್ಸಿ ಕ್ರೋನಿಯೆ. ಮುಂದಿನ ತಿಂಗಳೇ ದೆಹಲಿ ಪೊಲೀಸರು ಬುಕ್ಕಿಯೊಬ್ಬನ (ಬೆಟ್ಟಿಂಗ್ ನಡೆಸುವವನ) ಜೊತೆಗಿನ ಕ್ರೋನಿಯೆ ಫೋನ್ ಮಾತುಕತೆ ಹೊರಗೆ ಹಾಕಿದರು. ಡಿಸೆಂಬರಿನಲ್ಲಿ ಅಜರ್‌ಗೆ ಆಜೀವ ನಿಷೇಧ, ಜಡೇಜಗೆ ಐದು ವರ್ಷ. ಜಡೇಜ ನಿಷೇಧ 2003ರಲ್ಲೇ ತೆರವಾಯಿತು. ರಣಜಿ ಆಡಿದರು, ಭಾರತ ತಂಡ ಮಾತ್ರ ಮತ್ತೆ ಸಿಗಲಿಲ್ಲ. ಅಜರ್ ಮೇಲಿನ ನಿಷೇಧ ಕಾನೂನಿನ ಮುಂದೆ ನಿಲ್ಲೋದಿಲ್ಲ ಅಂತ ಆಂಧ್ರಪ್ರದೇಶ ಹೈಕೋರ್ಟ್ ಹೇಳಿದ್ದು 2012ರ ನವೆಂಬರಿನಲ್ಲಿ. ಆಗ ಅವರಿಗೆ 49 ವರ್ಷ. ಅಷ್ಟರಲ್ಲಿ ಸಂಸದರೂ ಆಗಿದ್ದರು. 99 ಟೆಸ್ಟ್ 99 ಆಗಿಯೇ ಉಳಿಯಿತು.

ಕೋರ್ಟಿಗೆ ಹನ್ನೆರಡು ವರ್ಷ ಅಂದ್ರೆ ಒಂದು ಸಾಧಾರಣ ಕೇಸ್. ಆಟಗಾರನಿಗೆ ಹನ್ನೆರಡು ವರ್ಷ ಅಂದ್ರೆ ಇಡೀ ಬದುಕು.

ಇನ್ನು ಶ್ರೀಶಾಂತ್. 2013ರ ಮೇ 9, ಮೊಹಾಲಿ, ಐಪಿಎಲ್ ಪಂದ್ಯ. ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ಬೌಲ್ ಮಾಡಿದರು. ಬೆವರು ಒರೆಸೋಕೆ ವೇಗದ ಬೌಲರ್‌ಗಳು ಹಾಗೆ ಮಾಡೋದುಂಟು. ಆದರೆ ಅದು ಬುಕ್ಕಿಗೆ ಕೊಟ್ಟ ಸನ್ನೆ ಅಂತ ದೆಹಲಿ ಪೊಲೀಸರು ಹೇಳಿದರು. ಅವರ ಲೆಕ್ಕದಲ್ಲಿ ಆ ಓವರಿನಲ್ಲಿ 14 ರನ್ ಕೊಡೋಕೆ ದುಡ್ಡಿನ ಮಾತಾಗಿತ್ತು. ಹೋಗಿದ್ದು 13 ರನ್. ಒಂದು ವಾರದಲ್ಲಿ ಬಂಧನ, ಸೆಪ್ಟೆಂಬರ್ 13ಕ್ಕೆ ಆಜೀವ ನಿಷೇಧ. ಪೊಲೀಸರು ಹಾಕಿದ್ದು ಭೂಗತ ಲೋಕದವರಿಗೆ ಹಾಕುವ ಮೋಕಾ ಕಾಯ್ದೆ. 2015ರ ಜುಲೈ 25ರಂದು ದೆಹಲಿಯ ಪಟಿಯಾಲ ಹೌಸ್ ಕೋರ್ಟ್ 36 ಆರೋಪಿಗಳನ್ನೂ ಕೈಬಿಟ್ಟಿತು. ಇದು ವಿಚಾರಣೆ ನಡೆದು ಬಂದ ಖುಲಾಸೆಯಲ್ಲ. ವಿಚಾರಣೆ ನಡೆಸುವಷ್ಟು ಆಧಾರವೂ ಇಲ್ಲ ಅಂತ ಮೊದಲ ಹಂತದಲ್ಲೇ ಬಿಟ್ಟಿದ್ದು.

ಸರಿ, ಮುಗೀತು ಅಂತ ತುಂಬಾ ಜನ ಅಂದುಕೊಂಡರು. ಬೋರ್ಡ್ ಜಗ್ಗಲಿಲ್ಲ. 2017ರ ಆಗಸ್ಟಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ನಿಷೇಧ ತೆಗೆಯಿತು. ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ವಾಪಸ್ ಹಾಕಿತು. 2019ರ ಮಾರ್ಚ್ 15ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ಇಡೀ ಗಲಾಟೆಯಲ್ಲಿ ತೂಕದ ಮಾತು ಅನ್ನಿಸಿತು. ಬೋರ್ಡ್ ತಪ್ಪಿತಸ್ಥ ಅಂದಿದ್ದನ್ನು ಕೋರ್ಟ್ ಅಲ್ಲಗಳೆಯಲಿಲ್ಲ. ಕ್ರಿಮಿನಲ್ ಕೇಸ್ ಬಿದ್ದುಹೋದ ಮಾತ್ರಕ್ಕೆ ಬೋರ್ಡಿನ ಶಿಸ್ತು ಕ್ರಮವೂ ಬಿದ್ದುಹೋಗಬೇಕಿಲ್ಲ ಅಂತು. ಆದರೆ ಬೋರ್ಡಿನದೇ ನಿಯಮದಲ್ಲಿ ಶಿಕ್ಷೆ ಐದು ವರ್ಷದಿಂದ ಆಜೀವದವರೆಗೆ ಇದೆಯಲ್ಲ, ಏನೂ ಅಳೆದು ನೋಡದೆ ಸೀದಾ ಆಜೀವಕ್ಕೆ ಹೋಗಿದ್ದು ಯಾಕೆ ಅಂತ ಕೇಳಿತು. ಶಿಕ್ಷೆಯನ್ನು ಮತ್ತೆ ಲೆಕ್ಕ ಹಾಕಿ ಅಂತು. ಆಗಸ್ಟಿನಲ್ಲಿ ಬೋರ್ಡಿನ ಒಂಬುಡ್ಸ್‌ಮನ್ (ದೂರು ವಿಚಾರಿಸುವವರು) ಡಿ.ಕೆ. ಜೈನ್ ಏಳು ವರ್ಷಕ್ಕೆ ಇಳಿಸಿದರು. ಅಷ್ಟೊತ್ತಿಗೆ ಆರು ವರ್ಷ ಕಳೆದೇ ಹೋಗಿತ್ತು.

ಹಾಗಾದರೆ ಕೋರ್ಟುಗಳು ಯಾಕೆ ಮತ್ತೆ ಮತ್ತೆ ಬಿಡುತ್ತವೆ? ಆಟಗಾರರು ಅಮಾಯಕರು ಅಂತಲೇ ಇರಬೇಕಿಲ್ಲ. ನಮ್ಮ ದೇಶದಲ್ಲಿ ಫಿಕ್ಸಿಂಗ್‌ಗೆ ಅಂತಲೇ ಒಂದು ಕಾನೂನಿಲ್ಲ. ಪೊಲೀಸರು ಕೈಗೆ ಸಿಕ್ಕಿದ ಸೆಕ್ಷನ್ ಹಾಕುತ್ತಾರೆ, ಅದು ನಿಲ್ಲೋದಿಲ್ಲ. ಇದು ಸ್ಪಷ್ಟವಾಗಿ ಕಂಡಿದ್ದು ನಮ್ಮ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಪ್ರಕರಣದಲ್ಲಿ. 2019ರ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಳ್ಳಾರಿ ಟಸ್ಕರ್ಸ್ ತಂಡದ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿಯನ್ನು ಬಂಧಿಸಿದರು. ಫೈನಲ್‌ನಲ್ಲಿ ನಿಧಾನವಾಗಿ ಆಡೋಕೆ ದುಡ್ಡು ತಗೊಂಡರು ಅನ್ನೋದು ಆರೋಪ. ಗೌತಮ್ ಅಂದ್ರೆ ಕರ್ನಾಟಕ ರಣಜಿ ಗೆದ್ದಾಗ ವಿಕೆಟ್ ಹಿಂದೆ ನಿಂತಿದ್ದವರು. ನಮ್ಮ ಹುಡುಗ. ಸುದ್ದಿ ಬಂದ ದಿನ ಟೀವಿ ಮುಂದೆ ಕೂತವರಿಗೆ ಅದು ಎಲ್ಲೋ ದೂರದ ಸುದ್ದಿ ಅನ್ನಿಸಿರಲಿಲ್ಲ.

ಪೊಲೀಸರು ಹಾಕಿದ್ದು 420, ವಂಚನೆ. 2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನ್ಯಾಯಮೂರ್ತಿ ಶ್ರೀನಿವಾಸ ಹರೀಶ್ ಕುಮಾರ್ ಅವರ ತರ್ಕ ಕೇಳೋಕೆ ಚೆನ್ನಾಗಿದೆ. ಯಾರಿಗೆ ವಂಚನೆ ಆಯಿತು? ಟಿಕೆಟ್ ಕೊಂಡ ಪ್ರೇಕ್ಷಕರಿಗೆ ಅಂತ ಸರ್ಕಾರದ ವಾದ. ಪ್ರೇಕ್ಷಕರಿಗೆ ಮೋಸ ಹೋದೆವು ಅನ್ನಿಸಬಹುದು ನಿಜ, ಆದರೆ ಟಿಕೆಟ್ ಅವರು ತಾವಾಗಿಯೇ ಕೊಂಡದ್ದು, ಯಾರೂ ನಂಬಿಸಿ ಕೊಡಿಸಿದ್ದಲ್ಲವಲ್ಲ ಅಂತು ಕೋರ್ಟ್. ಫಿಕ್ಸಿಂಗ್ ಮಾಡಿದವನು ಅಪ್ರಾಮಾಣಿಕ ಅನ್ನಬಹುದು, ಶಿಸ್ತಿಲ್ಲದವನು ಅನ್ನಬಹುದು, ಕ್ರಮ ತಗೊಳ್ಳೋಕೆ ಕ್ರಿಕೆಟ್ ಬೋರ್ಡ್ ಇದೆ. 420 ಮಾತ್ರ ಆಗೋದಿಲ್ಲ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು.

ಅಂದ್ರೆ ಅಲ್ಲಿ ಕೋರ್ಟ್ ‘ಇವರು ತಪ್ಪು ಮಾಡಿಲ್ಲ’ ಅಂತ ಹೇಳಲಿಲ್ಲ. ‘ಮಾಡಿದ್ದರೂ ಇದು ಆ ಅಪರಾಧವಲ್ಲ’ ಅಂತು. ಇಂಥ ಬಿಡುಗಡೆ ಆಟಗಾರನಿಗೂ ಅರ್ಧ ಹೊಟ್ಟೆ ಊಟ. ಹೆಸರು ತೊಳೆಯೋದಿಲ್ಲ. ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧ ಮಾಡಿ ಅಂತ ಕಾನೂನು ಆಯೋಗ 2018ರಲ್ಲೇ ತನ್ನ 276ನೇ ವರದಿಯಲ್ಲಿ ಹೇಳಿತ್ತು. 2019ರಲ್ಲಿ ಶ್ರೀಲಂಕಾ ಕಾನೂನು ಮಾಡಿಯೂ ಬಿಟ್ಟಿತು, ಹತ್ತು ವರ್ಷದವರೆಗೆ ಜೈಲು. ನಾವು ವರದಿಯಲ್ಲೇ ಇದ್ದೇವೆ.

ಈಗ ಮೈದಾನದ ಹೊರಗಿನ ಅಪರಾಧಗಳಿಗೆ ಬರೋಣ. ಇಲ್ಲಿ ಲೆಕ್ಕವೇ ಬೇರೆ.

2017ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್‌ನ ನೈಟ್‌ಕ್ಲಬ್ ಹೊರಗೆ ಬೆನ್ ಸ್ಟೋಕ್ಸ್ ಹೊಡೆದಾಡಿಕೊಂಡರು. ಆ ಸಲದ ಆಷಸ್ ಸರಣಿಗೆ ಅವರನ್ನು ಕರೆದೊಯ್ಯಲಿಲ್ಲ. 2018ರ ಆಗಸ್ಟ್ 14, ಮಂಗಳವಾರ, ಜ್ಯೂರಿ ಬಿಟ್ಟಿತು. ಶನಿವಾರ ಟ್ರೆಂಟ್ ಬ್ರಿಜ್‌ನಲ್ಲಿ ಭಾರತದ ವಿರುದ್ಧ ಮೈದಾನಕ್ಕೆ ಇಳಿದಿದ್ದರು! ಅವರಿಗೆ ಜಾಗ ಮಾಡೋಕೆ ಕೂರಿಸಿದ್ದು ಸ್ಯಾಮ್ ಕರನ್ ಅವರನ್ನು, ಎಜ್‌ಬಾಸ್ಟನ್‌ನಲ್ಲಿ ಭಾರತದ ಕೈಯಿಂದ ಪಂದ್ಯ ಕಿತ್ತುಕೊಂಡ ಹುಡುಗನನ್ನು. ಆ ಡಿಸೆಂಬರಿನಲ್ಲಿ ಶಿಸ್ತು ಸಮಿತಿ ಎಂಟು ಪಂದ್ಯಗಳ ನಿಷೇಧ ಹಾಕಿತು. ಆ ಎಂಟು ಪಂದ್ಯ ಈಗಾಗಲೇ ಕಳೆದುಕೊಂಡಿದ್ದಾರೆ, ಲೆಕ್ಕ ಸರಿ ಹೋಯಿತು ಅಂತು. ಮುಂದಿನ ಜುಲೈನಲ್ಲಿ ವಿಶ್ವಕಪ್ ಫೈನಲ್ ಗೆಲ್ಲಿಸಿದರು. ಬ್ರಿಸ್ಟಲ್ ಮಾತು ಅಲ್ಲಿಗೆ ಮುಚ್ಚಿಹೋಯಿತು.

ಅದೇ 2018ರ ಮಾರ್ಚ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲಿ ಐರ್ಲೆಂಡಿನ ರಗ್ಬಿ ಆಟಗಾರರಾದ ಪ್ಯಾಡಿ ಜಾಕ್ಸನ್ ಮತ್ತು ಸ್ಟುವರ್ಟ್ ಓಲ್ಡಿಂಗ್ ಅತ್ಯಾಚಾರ ಆರೋಪದಿಂದ ಖುಲಾಸೆಯಾದರು. ಆದರೆ ಗೆಳೆಯರ ನಡುವೆ ಓಡಾಡಿದ್ದ ವಾಟ್ಸಾಪ್ ಸಂದೇಶಗಳನ್ನು ಕೋರ್ಟಿನಲ್ಲಿ ಓದಿದಾಗ ಜನ ಕೆರಳಿದ್ದರು. ಏಪ್ರಿಲ್‌ನಲ್ಲಿ ಅವರ ಗುತ್ತಿಗೆ ರದ್ದಾಯಿತು. ಮುಂದಿನ ವರ್ಷ ಜಾಕ್ಸನ್ ಲಂಡನ್ ಐರಿಷ್ ಸೇರಿದಾಗ ಪ್ರಾಯೋಜಕ ಕಂಪನಿ ಡಿಯಾಜಿಯೊ ತಂಡದಿಂದ ಹಿಂದೆ ಸರಿಯಿತು. ತೀರ್ಪು ಒಂದೇ ಥರ, ಫಲ ಬೇರೆ ಬೇರೆ. ಸ್ಟೋಕ್ಸ್ ಇಲ್ಲದೆ ಇಂಗ್ಲೆಂಡ್ ತಂಡ ಕಷ್ಟ. ಜಾಕ್ಸನ್ ಇದ್ದರೆ ಪ್ರಾಯೋಜಕರಿಗೆ ಕಷ್ಟ. ಕಟುವಾಗಿ ಕೇಳಿಸಬಹುದು, ಆದರೆ ನನಗೆ ಕಾಣೋ ವ್ಯತ್ಯಾಸ ಇಷ್ಟೇ.

ನೇಪಾಳದ ಕ್ರಿಕೆಟಿಗ ಸಂದೀಪ್ ಲಮಿಛಾನೆ ಕಥೆ ಇನ್ನೂ ಸಿಕ್ಕು. 2022ರಲ್ಲಿ ಅತ್ಯಾಚಾರದ ದೂರು, ಬಂಧನ. ಜಾಮೀನು ಸಿಕ್ಕ ಮೇಲೆ 2023ರಲ್ಲಿ ಮತ್ತೆ ತಂಡಕ್ಕೆ ಕರೆದರು. ಸ್ಕಾಟ್ಲೆಂಡ್ ಆಟಗಾರರು ಪಂದ್ಯ ಮುಗಿದ ಮೇಲೆ ಅವರ ಕೈ ಕುಲುಕಲಿಲ್ಲ. 2024ರ ಜನವರಿಯಲ್ಲಿ ಎಂಟು ವರ್ಷ ಜೈಲು ಶಿಕ್ಷೆ. ಮೇ 15ರಂದು ಪಾಟನ್ ಹೈಕೋರ್ಟ್ ಖುಲಾಸೆ ಮಾಡಿತು. ಎರಡು ವಾರದಲ್ಲಿ ಟಿ20 ವಿಶ್ವಕಪ್. ಬೋರ್ಡ್ ಸಿದ್ಧ, ಅಭಿಮಾನಿಗಳು ಸಿದ್ಧ, ಅಮೆರಿಕ ವೀಸಾ ಕೊಡಲಿಲ್ಲ. ಕೊನೆಗೆ ನೇಪಾಳದ ಪಂದ್ಯಗಳು ವೆಸ್ಟ್ ಇಂಡೀಸ್‌ನ ಸೇಂಟ್ ವಿನ್ಸೆಂಟ್‌ಗೆ ಬಂದಾಗ ಅಲ್ಲಿ ತಂಡ ಸೇರಿ ಎರಡು ಮ್ಯಾಚ್ ಆಡಿದರು.

ಖುಲಾಸೆ ಅಂದ್ರೆ ದೂರು ಕೊಟ್ಟವಳು ಸುಳ್ಳಿ ಅಂತಲ್ಲ. ಆರೋಪ ಸಾಬೀತಾಗಲಿಲ್ಲ ಅಂತ ಮಾತ್ರ. ಇದನ್ನು ಅಭಿಮಾನಿಗಳು ಬೇಕಂತಲೇ ಮರೀತಾರೆ. ಹಾಗೇ, ಸಾಬೀತಾಗದ ಆರೋಪಕ್ಕೆ ಜೀವನಪೂರ್ತಿ ದಂಡ ತೆರು ಅಂತ ಒಬ್ಬರಿಗೆ ಹೇಳೋದೂ ಸರಿಯಲ್ಲ, ಅಲ್ವಾ? ನನ್ನ ಮಟ್ಟಿಗೆ, ಕೋರ್ಟ್ ಬಿಟ್ಟವರು ಆಡಲಿ. ಬೋರ್ಡಿಗೆ ಬೇರೆ ಅನುಮಾನ ಇದ್ದರೆ ತಾನೇ ವಿಚಾರಿಸಲಿ, ಎರಡೂ ಕಡೆ ಕೇಳಲಿ, ಕಾರಣ ಬರೆದು ಇಷ್ಟು ವರ್ಷ ಅಂತ ಹೇಳಲಿ. ಫಿಕ್ಸಿಂಗ್‌ಗೆ ತೋರಿಸುವ ಸಿಟ್ಟಿನಲ್ಲಿ ಕಾಲುಭಾಗವನ್ನಾದರೂ ಹೆಣ್ಣುಮಗಳೊಬ್ಬಳು ಕೊಟ್ಟ ದೂರನ್ನು ವಿಚಾರಿಸೋಕೆ ತೋರಿಸಲಿ.

ಶ್ರೀಶಾಂತ್ ಕಥೆ ಎಲ್ಲಿಗೆ ಬಂತು ಅಂತ ಹೇಳಲಿಲ್ಲ. 2021ರ ಜನವರಿಯಲ್ಲಿ ಕೇರಳದ ಪರವಾಗಿ ಮುಷ್ತಾಕ್ ಅಲಿ ಟೂರ್ನಿಯಲ್ಲಿ ಆಡಿದರು. ಕೋವಿಡ್ ಕಾಲ, ಮುಂಬೈನ ವಾಂಖೆಡೆಯಲ್ಲಿ ಪ್ರೇಕ್ಷಕರೇ ಇಲ್ಲ. ಬಂಧನವಾದಾಗ 30 ವರ್ಷ, ಈಗ 38 ಹತ್ತಿರ. ಒಂದು ವಿಕೆಟ್ ಕೂಡ ಬಂತು. ಆ ವರ್ಷದ ಐಪಿಎಲ್ ಹರಾಜಿನ ಅಂತಿಮ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮುಂದಿನ ವರ್ಷ ಬಂತು, ಮೂಲ ಬೆಲೆ 50 ಲಕ್ಷ. 2022ರ ಫೆಬ್ರವರಿಯಲ್ಲಿ ಎರಡು ದಿನ ಹರಾಜು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ನಿಷೇಧ ಇರಲಿಲ್ಲ, ಆಡೋಕೆ ಅಡ್ಡಿ ಯಾವುದೂ ಇರಲಿಲ್ಲ. ಎರಡು ದಿನವೂ ವೇದಿಕೆಯಿಂದ ಅವರ ಹೆಸರನ್ನು ಯಾರೂ ಕೂಗಲಿಲ್ಲ. ಮಾರ್ಚ್ 9ರಂದು ನಿವೃತ್ತಿ ಹೇಳಿದರು.