ನಕ್ಷೆ ನೋಡಿಕೊಳ್ಳೋಕೂ ಒಬ್ಬ ಲೈಬ್ರರಿಯನ್ ಬೇಕಾ?

ಪ್ರಶ್ನೆ: ಪುಸ್ತಕದ ಲೈಬ್ರರಿಯನ್ ಗೊತ್ತು. ಮ್ಯಾಪ್ ಲೈಬ್ರರಿಯನ್ ಅಂದ್ರೆ ಯಾರು? ಮ್ಯಾಪ್‌ಗಳನ್ನ ಬೀರುವಿನಲ್ಲಿಟ್ಟು ಬೀಗ ಹಾಕೋಕೆ ಇತಿಹಾಸ ಓದಿದವರೇ ಯಾಕೆ ಬೇಕು?

ಬೀಗ ಹಾಕೋ ಕೆಲಸವೂ ಇದೆ. ಆದರೆ ಅದಕ್ಕೂ ಮೊದಲು ಒಳಗಿಡುವುದು ಏನು ಅಂತ ಗೊತ್ತಿರಬೇಕಲ್ವಾ? ಕಷ್ಟ ಇರುವುದೇ ಅಲ್ಲಿ. ಪುಸ್ತಕದಲ್ಲಿ ಬರೆದವರ ಹೆಸರಿರುತ್ತದೆ, ಅಚ್ಚಾದ ವರ್ಷ ಇರುತ್ತದೆ. ಹಳೆ ನಕ್ಷೆಗಳಲ್ಲಿ ಎಷ್ಟೋ ಸಲ ಎರಡೂ ಇರುವುದಿಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ ನೋಡಿ. ನಿಮ್ಮ ಕೈಗೆ ವರ್ಷ ಹಾಕದ ಒಂದು ನಕ್ಷೆ ಸಿಕ್ಕಿತು ಅಂದುಕೊಳ್ಳಿ. ಬೆಳಗಾವಿ, ಧಾರವಾಡ ಎರಡೂ ಮುಂಬೈ ಕಡೆ ಸೇರಿವೆ. ಹಾಗಿದ್ದರೆ ಅದು ತೋರಿಸುವುದು 1956ರ ನವೆಂಬರ್‌ಗಿಂತ ಹಿಂದಿನ ಕಾಲ. ಅವು ಮೈಸೂರು ರಾಜ್ಯದೊಳಗೆ ಬಂದಿವೆ, ಆದರೆ ರಾಜ್ಯಕ್ಕೆ ಇನ್ನೂ ಕರ್ನಾಟಕ ಅಂತ ಹೆಸರಾಗಿಲ್ಲ ಅಂದ್ರೆ 1956ರಿಂದ 1973ರ ಒಳಗಿನದು. ಇಷ್ಟಕ್ಕೇ ನಂಬಿಬಿಡಬೇಡಿ. ಹಳೆ ಅಚ್ಚಿನ ತಗಡನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಮುದ್ರಿಸುತ್ತಿದ್ದವರು ಬೇಕಾದಷ್ಟು ಜನ. ಅದಕ್ಕೇ ಕಾಗದವನ್ನು ಬೆಳಕಿಗೆ ಹಿಡಿದು ನೀರುಗುರುತು, ಅಂದ್ರೆ ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ ಗುರುತು, ಹುಡುಕಬೇಕು. ಪ್ರಕಾಶಕರ ಅಂಗಡಿ ಯಾವ ವರ್ಷ ಯಾವ ಬೀದಿಯಲ್ಲಿತ್ತು ಅಂತ ನೋಡಬೇಕು. ಮ್ಯಾಪ್ ಲೈಬ್ರರಿಯನ್ ದಿನ ಕಳೆಯುವುದು ಹೀಗೆ.

ಈ ಕೆಲಸಕ್ಕೇ ಜೀವನ ಕೊಟ್ಟವರು ಹೆಲೆನ್ ವಾಲಿಸ್. 1924ರಲ್ಲಿ ಲಂಡನ್ ಪಕ್ಕದ ಬಾರ್ನೆಟ್‌ನಲ್ಲಿ ಹುಟ್ಟಿದರು, ಆಕ್ಸ್‌ಫರ್ಡ್‌ನಲ್ಲಿ ಓದಿದರು. 1951ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಮ್ಯಾಪ್ ರೂಮ್ ಸೇರಿದರು. ಆಗ ಅಲ್ಲಿನ ಮುಖ್ಯಸ್ಥರು ಆರ್. ಎ. ಸ್ಕೆಲ್ಟನ್. 1967ರಲ್ಲಿ ಆ ಕುರ್ಚಿ ವಾಲಿಸ್ ಅವರಿಗೆ ಬಂತು. ಅದೇ ವರ್ಷ ಮ್ಯೂಸಿಯಂನ ಅಚ್ಚಾದ ನಕ್ಷೆಗಳ ಕ್ಯಾಟಲಾಗ್ ಹೊರಬಂತು. ಬರೀ ಪಟ್ಟಿಯೇ 15 ಸಂಪುಟ! 1973ರಲ್ಲಿ ಬ್ರಿಟಿಷ್ ಲೈಬ್ರರಿ ಹುಟ್ಟಿದಾಗ ನಕ್ಷೆಗಳ ಜೊತೆ ಅವರೂ ಅಲ್ಲಿಗೆ ಸೇರಿದರು. 1986ರಲ್ಲಿ ನಿವೃತ್ತಿ. ತೀರಿಕೊಂಡಿದ್ದು 1995ರಲ್ಲಿ.

ಅವರು ನೋಡಿಕೊಳ್ಳುತ್ತಿದ್ದುದು ಬರೀ ಹಾಳೆಗಳನ್ನಲ್ಲ. 1660ರಲ್ಲಿ ಎರಡನೇ ಚಾರ್ಲ್ಸ್ ದೊರೆಗೆ ಕೊಟ್ಟ ಕ್ಲೆಂಕೆ ಅಟ್ಲಾಸ್ ಆ ಸಂಗ್ರಹದಲ್ಲೇ ಇದೆ. ನಿಲ್ಲಿಸಿದರೆ ಆಳೆತ್ತರ, ಸುಮಾರು 1.75 ಮೀಟರ್. 1623ರಲ್ಲಿ ಜೆಸ್ಯೂಟ್ ಪಾದ್ರಿಗಳು ಚೀನಾದಲ್ಲಿ ಮಾಡಿದ ಒಂದು ಭೂಗೋಲವೂ ಇದೆ. ಮರದ್ದು, ಮೇಲೆ ಅರಗಿನ ಬಣ್ಣ, ಊರುಗಳ ಹೆಸರೆಲ್ಲ ಚೀನೀ ಲಿಪಿಯಲ್ಲಿ. ಅದರ ಬಗ್ಗೆ ವಾಲಿಸ್ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ 1962ರಲ್ಲಿ ಬರೆದರು.

ಆದರೆ ಈ ವೃತ್ತಿ ಎಂಥದ್ದು ಅಂತ ತಿಳಿಯಬೇಕಾದರೆ ವಿನ್‌ಲ್ಯಾಂಡ್ ನಕ್ಷೆಯ ಕಥೆ ಕೇಳಬೇಕು. 1965ರ ಅಕ್ಟೋಬರ್‌ನಲ್ಲಿ, ಕೊಲಂಬಸ್ ದಿನದ ಮುನ್ನಾದಿನ, ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಒಂದು ನಕ್ಷೆಯನ್ನು ಜಗತ್ತಿಗೆ ತೋರಿಸಿತು. ಚರ್ಮದ ಹಾಳೆ, 15ನೇ ಶತಮಾನದ್ದು ಅಂದರು. ಅಟ್ಲಾಂಟಿಕ್‌ನ ಆಚೆ ಒಂದು ನೆಲ, ಅದಕ್ಕೆ ವಿನ್‌ಲ್ಯಾಂಡ್ ಅಂತ ಹೆಸರು. ಉತ್ತರ ಅಮೆರಿಕದ ಕರಾವಳಿಗೆ ವೈಕಿಂಗ್ ನಾವಿಕರು ಇಟ್ಟ ಹೆಸರು ಅದು. ಅಂದ್ರೆ ಕೊಲಂಬಸ್‌ಗಿಂತ ಮೊದಲೇ ಅಮೆರಿಕ ನಕ್ಷೆಗೆ ಬಂದಿತ್ತು! ಜನ ನಂಬಲು ಒಂದು ಕಾರಣ ಹುಳ. ನಕ್ಷೆಯಲ್ಲಿದ್ದ ಹುಳ ಕೊರೆದ ತೂತುಗಳೂ ಒಂದು ಹಳೆ ಹಸ್ತಪ್ರತಿಯ ತೂತುಗಳೂ ಸರಿಯಾಗಿ ಕೂಡುತ್ತಿದ್ದವು. ಎರಡೂ ಒಂದೇ ಹೊಲಿಗೆಯಲ್ಲಿದ್ದವು ಅಂತಾಯಿತು.

ಅನುಮಾನ ಹುಟ್ಟಿಸಿದ್ದು ಗ್ರೀನ್‌ಲ್ಯಾಂಡ್. ನಕ್ಷೆಯಲ್ಲಿ ಅದು ಸುತ್ತಲೂ ನೀರಿರುವ ದ್ವೀಪ, ಆಕಾರವೂ ಹೆಚ್ಚುಕಡಿಮೆ ಸರಿ. ಅದರ ಉತ್ತರದ ಕರಾವಳಿಯನ್ನು ಜನ ಸುತ್ತಿ ನೋಡಿದ್ದೇ 19ನೇ ಶತಮಾನ ಮುಗಿಯುವ ಹೊತ್ತಿಗೆ. ಹಾಗಾದರೆ 15ನೇ ಶತಮಾನದವನಿಗೆ ಹೇಗೆ ಗೊತ್ತಾಯಿತು?

ವಾಲಿಸ್ ಅವರಿಗೆ ಇದು ಮನೆಯೊಳಗಿನ ವಿಷಯ. ಯೇಲ್ ಪ್ರಕಟಿಸಿದ ಪುಸ್ತಕ ಬರೆದ ಮೂವರಲ್ಲಿ ಒಬ್ಬರು ಅದೇ ಸ್ಕೆಲ್ಟನ್. ಅವರು 1970ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ಲಂಡನ್‌ನಲ್ಲಿ ಈ ನಕ್ಷೆಯ ಮೇಲೇ ಒಂದು ವಿಚಾರಸಂಕಿರಣ ನಡೆಯಿತು. ಇಂಕಿನಲ್ಲಿ ಅನಟೇಸ್ ಸಿಕ್ಕಿದೆ ಅಂತ ರಸಾಯನ ಪರೀಕ್ಷೆ ಮಾಡಿದವರು ಹೇಳಿದರು. ಇದು ಟೈಟಾನಿಯಂನ ಬಿಳಿ ಪುಡಿ, ಬಣ್ಣಕ್ಕೆ ಬಳಸಲು ತಯಾರಾಗತೊಡಗಿದ್ದು 1920ರ ದಶಕದ ಸುಮಾರಿಗೆ. ಆ ಸಂಕಿರಣದ ಪ್ರಬಂಧಗಳು ಅಚ್ಚಾದಾಗ ಮೊದಲ ಹೆಸರು ವಾಲಿಸ್ ಅವರದ್ದು. ತನ್ನ ಹಿರಿಯರು ಒಪ್ಪಿದ್ದ ನಕ್ಷೆಯನ್ನು ಎಲ್ಲರೆದುರು ಮತ್ತೆ ತೂಗುವುದು ಸುಲಭವಲ್ಲ. ನನ್ನ ಮಟ್ಟಿಗೆ ಅವರ ವೃತ್ತಿಯ ದೊಡ್ಡ ಪರೀಕ್ಷೆ ಅದೇ.

ಜಗಳ ಅಲ್ಲಿಗೆ ನಿಲ್ಲಲಿಲ್ಲ. 1980ರ ದಶಕದಲ್ಲಿ ಇನ್ನೊಂದು ತಂಡ ಪರೀಕ್ಷಿಸಿ ಟೈಟಾನಿಯಂ ತೀರಾ ಕಡಿಮೆ ಅಂದಿತು. ಆಮೇಲೆ ಚರ್ಮದ ವಯಸ್ಸು ಅಳೆದರು, ಅದು ನಿಜಕ್ಕೂ 15ನೇ ಶತಮಾನದ್ದೇ! ಕೊನೆಗೆ 2021ರಲ್ಲಿ ಯೇಲ್‌ನವರೇ ಗೆರೆಗೆರೆಯಲ್ಲೂ ಟೈಟಾನಿಯಂ ಇದೆ, ಇದು ನಕಲಿ ಅಂತ ಒಪ್ಪಿಕೊಂಡರು. ಹಾಳೆ ಹಳೇದು, ಹುಳ ತಿಂದ ತೂತೂ ಹಳೇದು, ಇಂಕು ಮಾತ್ರ ಹೊಸದು.

ಇಷ್ಟು ಕೇಳಿ ವಾಲಿಸ್ ಬರೀ ಅನುಮಾನದ ಮನುಷ್ಯ ಅಂದುಕೊಳ್ಳಬೇಡಿ. ಫ್ರಾನ್ಸಿನ ದಿಯೆಪ್ ಬಂದರಿನ ಜಾನ್ ರೋಟ್ಜ್ 1542ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಒಂದು ನಕ್ಷೆ ಪುಸ್ತಕ ಕೊಟ್ಟಿದ್ದ. ಅದರಲ್ಲಿ ಜಾವಾದ ದಕ್ಷಿಣಕ್ಕೆ ಒಂದು ದೊಡ್ಡ ನೆಲ ಇದೆ. ಯುರೋಪಿನವರು ಆಸ್ಟ್ರೇಲಿಯಾ ಕಂಡರು ಅಂತ ಪಾಠದಲ್ಲಿ ಬರುವುದು 1606ರಲ್ಲಿ. ವಾಲಿಸ್ 1981ರಲ್ಲಿ ರೋಟ್ಜ್‌ನ ಪುಸ್ತಕದ ಪಡಿಯಚ್ಚನ್ನು, ಅಂದ್ರೆ ಮೂಲದ ಹಾಗೇ ಕಾಣುವ ಅಚ್ಚಿನ ಪ್ರತಿಯನ್ನು, ಸಂಪಾದಿಸಿದರು. ಆ ನೆಲ ಆಸ್ಟ್ರೇಲಿಯಾ ಇರಬಹುದೇ ಅನ್ನುವ ಪ್ರಶ್ನೆಯನ್ನು ಅವರು ನಕ್ಕು ತಳ್ಳಿಹಾಕಲಿಲ್ಲ. ಮತ್ತೆ ಮತ್ತೆ ಅದರ ಮೇಲೆ ಬರೆದರು. ಹೆಚ್ಚಿನ ಇತಿಹಾಸಕಾರರು ಒಪ್ಪಿಲ್ಲ. ರೋಟ್ಜ್‌ನ ಮೂಲ ಪುಸ್ತಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೇ ಇದೆ, ಬೀಗದೊಳಗೆ.