ರೈಲು, ಟೆಲಿಗ್ರಾಫ್, ಒಂಟೆ: ಎಲ್ಲವೂ ಬುಗ್ಗೆಗಳ ಹಿಂದೆಯೇ

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಾರೀ ಅನ್ನೋ ಪುಟ್ಟ ಊರಿನಿಂದ ಊಡ್ನಡಾಟಾಗೆ ಸುಮಾರು 400 ಕಿಲೋಮೀಟರ್ ಮಣ್ಣಿನ ರಸ್ತೆಯಿದೆ. ಉದ್ದಕ್ಕೂ ಹಳೇ ರೈಲುದಾರಿಯ ಗುರುತು, ಅಲ್ಲಲ್ಲಿ ಪಾಳುಬಿದ್ದ ಟೆಲಿಗ್ರಾಫ್ ಠಾಣೆ. ಅಷ್ಟು ದೊಡ್ಡ ಬಯಲಿದ್ದೂ ಎಲ್ಲರೂ ಇದೇ ಗೆರೆಗೆ ಯಾಕೆ ಅಂಟಿಕೊಂಡರು? ನೆಲದಡಿಯ ನೀರಿಗಾಗಿ.

ದೂರದ ಪೂರ್ವದ ಬೆಟ್ಟಗಳಲ್ಲಿ ಬಿದ್ದ ಮಳೆ ಮರಳುಗಲ್ಲಿನ ಪದರಕ್ಕೆ ಇಳಿದು, ಲಕ್ಷಾಂತರ ವರ್ಷ ಮೆಲ್ಲಗೆ ಸಾಗಿ, ಇಲ್ಲಿ ಬಿರುಕು ಸಿಕ್ಕಲ್ಲಿ ಒತ್ತಡಕ್ಕೆ ಮೇಲೆ ಬರುತ್ತದೆ. ಗ್ರೇಟ್ ಆರ್ಟೀಸಿಯನ್ ಬೇಸಿನ್ ಅನ್ನೋ ಈ ನೆಲದಡಿಯ ನೀರಿನ ಭಂಡಾರ ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿದೆ. ನೀರಿನ ಸುಣ್ಣ, ಗಾಳಿಯ ಮರಳು ಸುತ್ತ ಕೂತು ದಿಬ್ಬವಾಗುತ್ತದೆ, ನೆತ್ತಿಯಲ್ಲಿ ಕೊಳ. ಬಬ್ಲರ್ ಅನ್ನೋ ಬುಗ್ಗೆಯಲ್ಲಿ ತಳದ ಮರಳು ಗುಳುಗುಳು ಎದ್ದು, ಉಂಗುರವಾಗಿ ಹರಡಿ, ಮತ್ತೆ ಕೂರುತ್ತದೆ. ಕುದಿಯುವ ಗಂಜಿಯ ಹಾಗೆ, ಆದರೆ ನೀರು ಬರೀ ಉಗುರುಬೆಚ್ಚಗೆ.

ಇಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನರಿಗೆ ಪ್ರತಿ ಬುಗ್ಗೆಯ ಕಥೆಯೂ ಗೊತ್ತು. ಫ್ಲಿಂಡರ್ಸ್ ಬೆಟ್ಟದ ಕೆಮ್ಮಣ್ಣಿಗಾಗಿ ನೂರಾರು ಕಿಲೋಮೀಟರ್ ನಡೆದು ಬರುತ್ತಿದ್ದವರು ದಾಟುತ್ತಿದ್ದುದು ಒಂದು ನೀರಿನಿಂದ ಇನ್ನೊಂದು ನೀರಿಗೆ. ಜಾನ್ ಮೆಕ್‌ಡೌಲ್ ಸ್ಟುವರ್ಟ್ ಅನ್ನೋ ಅನ್ವೇಷಕ ಇದೇ ಬುಗ್ಗೆಗಳನ್ನು ಹಿಡಿದು ಉತ್ತರಕ್ಕೆ ಹೋಗಿ 1862ರಲ್ಲಿ ಆಚೆ ಕಡಲು ಮುಟ್ಟಿದ. ದಾರಿ ಕಂಡುಹಿಡಿದವನು ಅವನೇ ಅನ್ನೋದು ಸುಮ್ನೆ ಮಾತು, ಅಲ್ವಾ?

ಆಮೇಲೆ ಹಿಂಬಾಲಿಸಿದ್ದು ತಂತಿ. 1872ರಲ್ಲಿ ಮುಗಿದ ಟೆಲಿಗ್ರಾಫ್ ಲೈನಿಗೆ ನಡುನಡುವೆ ಸಿಬ್ಬಂದಿ ಬೇಕಿತ್ತು, ಅವರಿಗೆ ನೀರು ಬೇಕಿತ್ತು. ಹಾಗಾಗಿ ಸ್ಟ್ರಾಂಗ್‌ವೇಸ್ ಸ್ಪ್ರಿಂಗ್ಸ್, ಪೀಕ್ ಠಾಣೆಗಳು ಬುಗ್ಗೆಗಳ ಹತ್ತಿರವೇ ಎದ್ದವು. ಸಾಮಾನು ಹೊತ್ತದ್ದು ಒಂಟೆಗಳು, ನಡೆಸಿದ್ದು ನಮ್ಮ ಕಡೆಯವರೂ: ಆಫ್ಘನ್ನರ ಜೊತೆ ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು. ಎಲ್ಲರನ್ನೂ ‘ಆಫ್ಘನ್’ ಅಂತಲೇ ಕರೆದುಬಿಟ್ಟರು.

ಉಗಿ ಎಂಜಿನ್ನಿಗಂತೂ ಒಂಟೆಗಿಂತ ಜಾಸ್ತಿ ಬಾಯಾರಿಕೆ. ರೈಲು 1884ರಲ್ಲಿ ಮಾರೀ, 1891ರಲ್ಲಿ ಊಡ್ನಡಾಟಾ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ತಲುಪಿತು. ತಮಾಷೆಯೆಂದರೆ, ನೀರು ಹುಡುಕಿಕೊಂಡು ತಗ್ಗಿನಲ್ಲಿ ಹಾಕಿದ ಹಳಿಯನ್ನು ಹಳ್ಳಗಳ ದಿಢೀರ್ ನೆರೆ ಮತ್ತೆ ಮತ್ತೆ ಕೊಚ್ಚಿಹಾಕುತ್ತಿತ್ತು. ಡೀಸೆಲ್ ಬಂದ ಮೇಲೆ ಬುಗ್ಗೆಯ ಹಂಗಿಲ್ಲ. 1980ರಲ್ಲಿ ಹೊಸ ಮಾರ್ಗ ಬಹಳ ಪಶ್ಚಿಮಕ್ಕೆ ಸರಿಯಿತು, ಹಳೇ ಹಳಿ ಮುಚ್ಚಿತು.

ಅಷ್ಟರಲ್ಲಿ ದನ, ಕುರಿ ಸಾಕುವವರು ಬೇಸಿನ್ ತುಂಬಾ ಬೋರ್‌ವೆಲ್ ಕೊರೆದಿದ್ದರು. ನೀರು ತೆರೆದ ಕಾಲುವೆಗಳಲ್ಲಿ ಹರಿದು ಬಿಸಿಲಿಗೆ ಆವಿಯಾಗುತ್ತಿತ್ತು, ಒತ್ತಡ ಇಳಿದು ಎಷ್ಟೋ ಬುಗ್ಗೆ ಬತ್ತಿದವು. ಈಗ ವಾಲ್ವ್ ಕೂರಿಸಿ, ಪೈಪು ಹಾಕಿದ ಮೇಲೆ ಕೆಲವು ಕಡೆ ಒತ್ತಡ ಮತ್ತೆ ಏರಿದೆ.